ಹಿಂಬಡಕ್ಕೆ ಎಷ್ಟು ಪದರ?

ಅಥಣಿಯಲ್ಲಿ ಹೇಳಿ ಚಪ್ಪಲಿ ಮಾಡಿಸಿಕೊಳ್ಳುವ ಗಂಡಸಿಗೆ, ದೊಡ್ಡ ಊರಿನ ಮಳಿಗೆಯಲ್ಲಿ ಡಬ್ಬಿಯೊಳಗಿನ ಶೂ ಕೊಳ್ಳುವವನಿಗಿಲ್ಲದ ಒಂದು ಅನುಕೂಲ ಇದೆ. ಹಿಮ್ಮಡಿ ಎಷ್ಟು ಎತ್ತರ ಇರಬೇಕೆಂದು ಅವನೇ ಹೇಳಬಹುದು. "ಹಿಂಬಡಕ್ಕ ಇನ್ನೊಂದ್ ಪದರ ಹಾಕ್ರಿ ಮಾಮಾ" ಎಂದರೆ ಸಾಕು. ಎಮ್ಮೆ ತೊಗಲಿನ ಇನ್ನೊಂದು ತುಂಡನ್ನು ಹಿಮ್ಮಡಿಯ ಆಕಾರಕ್ಕೆ ಕತ್ತರಿಸಿ, ಬಡಿದು, ತೊಗಲಿನ ದಾರದಿಂದಲೇ ಹೊಲಿದು ಕೂರಿಸುತ್ತಾರೆ. ತಳಕ್ಕೆ ಬಳಸುವ ತೊಗಲಿನ ದಪ್ಪ ಸುಮಾರು ನಾಲ್ಕೈದು ಮಿಲಿಮೀಟರ್. ಎರಡು ಪದರ ಹಾಕಿಸಿದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್, ಐದು ಹಾಕಿಸಿದರೆ ಎರಡೂವರೆ ಸೆಂಟಿಮೀಟರ್ ಸಮೀಪ. ಅರ್ಧ ಅರ್ಧ ಸೆಂಟಿಮೀಟರಿನ ಮೆಟ್ಟಿಲುಗಳಲ್ಲಿ ತನ್ನ ಕಾಲಿಗೆ ಹೊಂದುವ ಎತ್ತರ ಆರಿಸಿಕೊಳ್ಳುವ ಈ ಸ್ವಾತಂತ್ರ್ಯ ಎಷ್ಟು ಬೆಲೆಯುಳ್ಳದ್ದು ಎನ್ನುವುದು, ಎತ್ತರ ಬದಲಾದಾಗ ದೇಹದಲ್ಲಿ ಏನೇನಾಗುತ್ತದೆ ಎಂದು ತಿಳಿದ ಮೇಲೆ ಅರ್ಥವಾಗುತ್ತದೆ.

ಮೊದಲು ಈ ಚಪ್ಪಲಿಯ ಬಗ್ಗೆ ಎರಡು ಮಾತು. ಹೆಸರು ಕೊಲ್ಹಾಪುರಿ, ಆದರೆ ಇದು ಕೊಲ್ಹಾಪುರವೊಂದರದ್ದೇ ಅಲ್ಲ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಮನೆಗಳಲ್ಲಿ, ಮೊದಲು ಅಥಣಿ ತಾಲ್ಲೂಕಿನಲ್ಲೇ ಇದ್ದು ಈಗ ಬೇರೆ ತಾಲ್ಲೂಕಾಗಿರುವ ಕಾಗವಾಡದ ಹಳ್ಳಿಗಳಲ್ಲಿ ತಲೆತಲಾಂತರದಿಂದ ಇದು ತಯಾರಾಗುತ್ತಿದೆ. ಢೋರ ಸಮುದಾಯದವರು ಹದ ಮಾಡಿದ ತೊಗಲು, ಸಮಗಾರ ಸಮುದಾಯದವರು ಕಟ್ಟಿದ ಚಪ್ಪಲಿ. ತಳ ಕತ್ತರಿಸಿ ಬಡಿಯುವುದು ಹೆಚ್ಚಾಗಿ ಗಂಡಸರ ಕೆಲಸ. ಪಟ್ಟಿ ಹೆಣೆಯುವುದು, ಹೊಲಿಯುವುದು, ಕುಸುರಿ ಹೆಣ್ಣುಮಕ್ಕಳ ಕೆಲಸ. 2018ರ ಡಿಸೆಂಬರಿನಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಅದು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಸೇರಿಯೇ ಸಿಕ್ಕಿತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಗಂಡಸರ ಉಡುಪಿನ ಪ್ರದರ್ಶನದಲ್ಲಿ ಇದೇ ಮಾದರಿಯ ಮೆಟ್ಟುಗಳನ್ನು ಮೂಲದ ಹೆಸರು ಹೇಳದೆ ತೋರಿಸಿದಾಗ ಎದ್ದ ಸಿಟ್ಟು ನ್ಯಾಯವಾದದ್ದೇ. ಅದೇ ವರ್ಷದ ಕೊನೆಗೆ ಕಂಪನಿಯು ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಮ್ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಆ ಗದ್ದಲದಲ್ಲಿ ಎಲ್ಲರೂ ವಿನ್ಯಾಸದ ಬಗ್ಗೆ, ಬೆಲೆಯ ಬಗ್ಗೆ ಮಾತಾಡಿದರು. ಈ ಚಪ್ಪಲಿ ಕಾಲಿಗೆ ಏನು ಮಾಡುತ್ತದೆ ಎಂದು ಕೇಳಿದವರು ಕಡಿಮೆ. ನನಗೆ ಹೆಚ್ಚು ಮುಖ್ಯವಾದ ಪ್ರಶ್ನೆ ಅದೇ.

ಹಿಮ್ಮಡಿಯ ಎತ್ತರ ಎಂದೊಡನೆ ನಾವು ಸೆಂಟಿಮೀಟರ್ ನೋಡುತ್ತೇವೆ, ಇಂಚು ನೋಡುತ್ತೇವೆ. ಕಾಲು ನೋಡುವುದು ಕೋನವನ್ನು. ಇಪ್ಪತ್ತಾರು ಸೆಂಟಿಮೀಟರ್ ಉದ್ದದ ಒಂದು ಗಂಡಸಿನ ಪಾದ ತೆಗೆದುಕೊಳ್ಳಿ. ಹಿಮ್ಮಡಿಯ ತುದಿಯಿಂದ ಬೆರಳುಗಳ ಬುಡದ ಉಬ್ಬಿನವರೆಗೆ ಸುಮಾರು ಹದಿನೆಂಟು ಸೆಂಟಿಮೀಟರ್. ಹಿಮ್ಮಡಿಯನ್ನು ಒಂದು ಸೆಂಟಿಮೀಟರ್ ಎತ್ತಿದರೆ ಪಾದ ಸುಮಾರು 3 ಡಿಗ್ರಿ ಮುಂದಕ್ಕೆ ವಾಲುತ್ತದೆ. ಎರಡೂವರೆಗೆ 8 ಡಿಗ್ರಿ, ಐದಕ್ಕೆ 16, ಏಳೂವರೆಗೆ 24 ದಾಟುತ್ತದೆ. ಅದೇ ಐದು ಸೆಂಟಿಮೀಟರನ್ನು ಚಿಕ್ಕ ಪಾದದವರು, ಅಂದರೆ ಹಿಮ್ಮಡಿಯಿಂದ ಬೆರಳ ಬುಡಕ್ಕೆ ಹದಿನಾರೇ ಸೆಂಟಿಮೀಟರ್ ಇರುವವರು ಹಾಕಿಕೊಂಡರೆ ಕೋನ 18 ಡಿಗ್ರಿ. ಗೆಳೆಯನಿಗೆ ಹಿತವಾದ ಎತ್ತರ ನಿಮಗೂ ಹಿತವಾಗಬೇಕಿಲ್ಲ ಎನ್ನುವುದಕ್ಕೆ ಮೊದಲ ಕಾರಣ ಇಷ್ಟು ಸರಳ.

ಇನ್ನೊಂದು ಮಾತು ಇದಕ್ಕೆ ಸೇರಿಕೊಂಡೇ ಇದೆ. ಲೆಕ್ಕಕ್ಕೆ ಬರುವುದು ನೆಲದಿಂದ ಹಿಮ್ಮಡಿಯ ಎತ್ತರ ಅಲ್ಲ, ಮುಂಗಾಲಿಗೂ ಹಿಮ್ಮಡಿಗೂ ಇರುವ ಎತ್ತರದ ವ್ಯತ್ಯಾಸ. ಇಡೀ ತಳಕ್ಕೆ ಎರಡು ಸೆಂಟಿಮೀಟರ್ ದಪ್ಪ ಕೊಟ್ಟು, ಹಿಂದೆ ಮತ್ತೆ ಎರಡು ಸೇರಿಸಿದರೆ ನೋಡುವವರಿಗೆ ನಾಲ್ಕು ಸೆಂಟಿಮೀಟರಿನ ಹಿಮ್ಮಡಿ. ಪಾದದ ಕೀಲಿಗೆ ಅದು ಎರಡೇ.

ಹೀಗೆ ಪಾದ ವಾಲಿದಾಗ ಮೈಭಾರ ಹಂಚಿಕೆಯಾಗುವ ರೀತಿ ಬದಲಾಗುತ್ತದೆ. ಬರಿಗಾಲಲ್ಲಿ ನೆಟ್ಟಗೆ ನಿಂತಾಗ ಹೆಚ್ಚು ಭಾರ ಹೊರುವುದು ಹಿಮ್ಮಡಿ. ಅಲ್ಲಿನ ಮೂಳೆ ದೊಡ್ಡದು, ಅದರ ಕೆಳಗಿನ ಕೊಬ್ಬಿನ ಮೆತ್ತೆ ದಪ್ಪ. ಹಿಮ್ಮಡಿ ಎತ್ತಿದಷ್ಟೂ ಭಾರ ಮುಂದಕ್ಕೆ, ಬೆರಳುಗಳ ಬುಡದ ಐದು ಸಣ್ಣ ಮೂಳೆಗಳ ತಲೆಯ ಮೇಲೆ ಬೀಳುತ್ತದೆ. ಪಾದದ ಒತ್ತಡ ಅಳೆದ ಅಧ್ಯಯನಗಳಿಂದ ಬಂದು ಪಾದವೈದ್ಯರ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ಅಂಕಿಗಳು ಹೀಗಿವೆ: ಒಂದು ಇಂಚಿನ ಹಿಮ್ಮಡಿಗೆ ಮುಂಗಾಲಿನ ಒತ್ತಡ ಸುಮಾರು 22 ಶೇಕಡಾ ಹೆಚ್ಚು, ಎರಡು ಇಂಚಿಗೆ 57, ಮೂರು ಇಂಚಿಗೆ 76. ಇಲ್ಲಿ ಗಮನಿಸಬೇಕಾದದ್ದು ಮೊದಲ ಇಂಚಿಗೂ ಎರಡನೆಯ ಇಂಚಿಗೂ ಇರುವ ಅಂತರ. ಮೊದಲನೆಯದರ ಬೆಲೆ ಕಡಿಮೆ, ಎರಡನೆಯದು ದುಬಾರಿ.

ಮೊಣಕಾಲಿನ ಕಥೆ ಬೇರೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಡಾ. ಕೇಸಿ ಕೆರಿಗನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಒಂದೂವರೆ ಇಂಚಿನ, ಅಂದರೆ ಸುಮಾರು 3.8 ಸೆಂಟಿಮೀಟರಿನ ಹಿಮ್ಮಡಿಗಳೂ ಮಂಡಿಯ ಒಳಬದಿಯ ಹೊರೆಯನ್ನು ಯುವತಿಯರಲ್ಲಿ ಸುಮಾರು 14, ವಯಸ್ಸಾದ ಮಹಿಳೆಯರಲ್ಲಿ ಸುಮಾರು 9 ಶೇಕಡಾ ಹೆಚ್ಚಿಸಿದ್ದು ಕಂಡುಬಂತು. ಮಂಡಿಯ ಕೀಲು ಸವೆಯುವುದು ಹೆಚ್ಚಾಗಿ ಆ ಒಳಬದಿಯಲ್ಲೇ. ಇದೇ ತಂಡ 2003ರಲ್ಲಿ ಗಂಡಸರು ದಿನವೂ ಹಾಕುವ ಸಾಮಾನ್ಯ ಶೂಗಳನ್ನು ಪರೀಕ್ಷಿಸಿದಾಗ ಬರಿಗಾಲಿಗಿಂತ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಆಫೀಸಿಗೆ ಹಾಕುವ ಕಪ್ಪು ಶೂವಿನ ಹಿಮ್ಮಡಿ ಸಾಮಾನ್ಯವಾಗಿ ಎರಡೂವರೆ ಸೆಂಟಿಮೀಟರಿನ ಆಸುಪಾಸು ಇರುತ್ತದೆ. ಎಲ್ಲೋ ಆ ಎತ್ತರಕ್ಕೂ ನಾಲ್ಕು ಸೆಂಟಿಮೀಟರಿಗೂ ನಡುವೆ ಮಂಡಿಗೆ ವಿಷಯ ಗೊತ್ತಾಗಲು ಶುರುವಾಗುತ್ತದೆ ಎಂದು ನಾನು ಇವೆರಡನ್ನೂ ಸೇರಿಸಿ ಓದಿಕೊಳ್ಳುತ್ತೇನೆ.

ಮೂರನೆಯದು ಶ್ರಮ. 1994ರಲ್ಲಿ ಎಬೆಲಿಂಗ್, ಹ್ಯಾಮಿಲ್ ಮತ್ತು ಕ್ರಸೆಮೇಯರ್ ನಾಲ್ಕು ಎತ್ತರಗಳನ್ನು, ಅಂದರೆ ಒಂದೂಕಾಲು, ಮೂರೂಮುಕ್ಕಾಲು, ಐದು, ಏಳೂವರೆ ಸೆಂಟಿಮೀಟರಿನ ಸುಮಾರಿನವನ್ನು ಒಂದಕ್ಕೊಂದು ಹೋಲಿಸಿ ನೋಡಿದರು. ಎತ್ತರ ಹೆಚ್ಚಿದಂತೆ ನಾಡಿಬಡಿತವೂ ಉಸಿರಾಟದಲ್ಲಿ ಖರ್ಚಾಗುವ ಆಮ್ಲಜನಕವೂ ಏರಿದವು. ಐದು ಸೆಂಟಿಮೀಟರಿನ ಒಳಗೇ ಇರುವುದು ಒಳ್ಳೆಯದು ಎಂಬ ಸಲಹೆ ಅವರದು.

ಈ ಅಧ್ಯಯನಗಳಲ್ಲಿ ನಡೆದವರು ಬಹುಪಾಲು ಮಹಿಳೆಯರು. ಎತ್ತರದ ಹಿಮ್ಮಡಿ ಹೆಂಗಸರದ್ದು ಎಂಬ ನಮ್ಮ ಕಾಲದ ನಂಬಿಕೆ ಪ್ರಯೋಗಾಲಯದೊಳಗೂ ಹೊಕ್ಕಿದೆ. ಇತಿಹಾಸ ಹಾಗಿಲ್ಲ. ಎತ್ತರದ ಹಿಮ್ಮಡಿ ಶುರುವಾದದ್ದೇ ಪರ್ಷಿಯಾದ ಕುದುರೆ ಸವಾರರ ಕಾಲಿನಲ್ಲಿ. ರಿಕಾಪಿನೊಳಗೆ ಕಾಲು ಜಾರದಂತೆ ಹಿಡಿದು, ಸವಾರ ಎದ್ದು ನಿಂತು ಬಿಲ್ಲು ಎಳೆಯಲು ಅದು ನೆರವಾಗುತ್ತಿತ್ತು. ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಅದು ಸಿರಿವಂತ ಗಂಡಸರ ಗುರುತಾಯಿತು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಕೆಂಪು ಹಿಮ್ಮಡಿಯ ಮೆಟ್ಟು ಹಾಕಿ ನಿಂತ ಚಿತ್ರವನ್ನು ರಿಗೋ 1701ರಲ್ಲಿ ಬರೆದ. ಹದಿನೆಂಟನೆಯ ಶತಮಾನದಲ್ಲಿ ಗಂಡಸರು ಬಿಟ್ಟರು, ಹೆಂಗಸರಲ್ಲಿ ಉಳಿಯಿತು. ಹಾಗಾಗಿ ಇವತ್ತು ಒಬ್ಬ ಗಂಡಸು ಸ್ವಲ್ಪ ಎತ್ತರದ ಹಿಮ್ಮಡಿ ಬೇಕೆಂದು ಕೇಳಿದರೆ ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಕನ್ಯೆ ನೋಡಲು ಹೋಗುವಾಗ ಎರಡು ಬೆರಳು ಎತ್ತರ ಕಾಣಲಿ ಎನ್ನುವವನಿರಬಹುದು, ನಡಿಗೆಗೆ ಬರುವ ಠೀವಿ ಇಷ್ಟವಾದವನಿರಬಹುದು, ಹಿಮ್ಮಡಿ ಎತ್ತಿದಾಗಲೇ ಕಾಲಿಗೆ ಆರಾಮ ಅನ್ನುವವನಿರಬಹುದು. ಅವನಿಗೆ ಬೇಕಾದದ್ದು ಸರಿಯಾದ ಲೆಕ್ಕ.

ಗಂಡಸಿನ ಪಾದ ಸರಾಸರಿಯಾಗಿ ಉದ್ದ, ಆದ್ದರಿಂದ ಅದೇ ಎತ್ತರಕ್ಕೆ ಕೋನ ಕಡಿಮೆ. ಇದು ಲಾಭ. ಮೈಭಾರ ಸರಾಸರಿಯಾಗಿ ಹೆಚ್ಚು, ಆದ್ದರಿಂದ ಮುಂಗಾಲಿಗೆ ಬೀಳುವ ಹೆಚ್ಚುವರಿ ಕಿಲೋಗಳೂ ಹೆಚ್ಚು. ಇದು ನಷ್ಟ. ಎರಡೂ ಒಂದನ್ನೊಂದು ಪೂರ್ತಿ ಅಳಿಸುವುದಿಲ್ಲ. ಹೆಂಗಸರ ಮೇಲೆ ಅಳೆದ ಐದು ಸೆಂಟಿಮೀಟರಿನ ಗಡಿಯನ್ನು ಗಂಡಸರೂ ಹೊರಗಿನ ಬೇಲಿಯಾಗಿ ಇಟ್ಟುಕೊಳ್ಳುವುದು ಕ್ಷೇಮ.

ಇನ್ನು ನಮ್ಮ ಚಪ್ಪಲಿಗೇ ಬರೋಣ. ಬೆಲ್ಜಿಯಂನ ಗೆಂಟ್ ನಗರದ ಪಾದರಕ್ಷೆ ಸಂಶೋಧಕಿ ಕ್ಯಾಥರೀನ್ ವಿಲ್ಲೆಮ್ಸ್ ಅಥಣಿಯ ಕುಶಲಕರ್ಮಿಗಳ ಜೊತೆ ಸೇರಿ ಕೆಲಸ ಮಾಡಿದವರು. ಅವರೂ, ಮನುಷ್ಯನ ನಡಿಗೆಯನ್ನು ಅಭ್ಯಾಸ ಮಾಡುವ ಕ್ರಿಸ್ಟಿಯಾನ್ ದಾವು ಮೊದಲಾದವರೂ ಸೇರಿ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ದಕ್ಷಿಣ ಭಾರತದ ಹತ್ತು ಮಂದಿ ಆರೋಗ್ಯವಂತರು ಬರಿಗಾಲಲ್ಲಿ ಒಮ್ಮೆ, ಕೊಲ್ಹಾಪುರಿ ಮೆಟ್ಟಿಕೊಂಡು ಒಮ್ಮೆ ನಡೆದರು. ಒಳಾಂಗಣದ ನೆಲದ ಮೇಲೂ ನಡೆದರು, ಹೊರಗಿನ ಮಣ್ಣಿನ ಮೇಲೂ ನಡೆದರು. ಹಿಮ್ಮಡಿಗೆ ಕಟ್ಟಿದ ಸಾಧನ ನೆಲಕ್ಕೆ ಬಡಿದ ಪೆಟ್ಟನ್ನು ಅಳೆಯಿತು, ಪಾದದ ಕೀಲಿಗೆ ಕಟ್ಟಿದ್ದು ಕೋನವನ್ನು ಬರೆದುಕೊಂಡಿತು, ಚರ್ಮಕ್ಕೆ ಅಂಟಿಸಿದ ವಿದ್ಯುದ್ವಾರಗಳು ಮೀನಖಂಡದ ಮತ್ತು ಮುಂಗಣಕಾಲಿನ ಸ್ನಾಯುಗಳ ಚಟುವಟಿಕೆಯನ್ನು ಹಿಡಿದವು.

ಬಂದ ಫಲಿತಾಂಶ ನನಗೆ ಬಹಳ ಹಿಡಿಸಿತು: ಚಪ್ಪಲಿಯ ನಡಿಗೆಗೂ ಬರಿಗಾಲಿನ ನಡಿಗೆಗೂ ವ್ಯತ್ಯಾಸ ಚಿಕ್ಕದು. ಸ್ನಾಯುಗಳು ಕೆಲಸ ಮಾಡುವ ಕ್ರಮ ಒಂದೇ ರೀತಿ. ಗಟ್ಟಿ ನೆಲದ ಮೇಲೆ ಬರಿಗಾಲಿಗೆ ಪೆಟ್ಟು ತುಸು ಹೆಚ್ಚು, ಚಪ್ಪಲಿಯಲ್ಲಿ ತುಸು ಕಡಿಮೆ. ಮಣ್ಣಿನ ಮೇಲೆ ಆ ಅಂತರವೂ ಗಣನೆಗೆ ಬರುವಷ್ಟು ಉಳಿಯಲಿಲ್ಲ. ಒಳಾಂಗಣದಲ್ಲಿ ಕಂಡ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟದ್ದು. ಹೆಜ್ಜೆಯ ಕೊನೆಯಲ್ಲಿ, ಹಿಮ್ಮಡಿ ಏಳುವ ಮುನ್ನ, ಕಣಕಾಲು ಪಾದದ ಮೇಲೆ ಮುಂದಕ್ಕೆ ಬಾಗುತ್ತದಲ್ಲ, ಚಪ್ಪಲಿ ಹಾಕಿದಾಗ ಆ ಬಾಗು ಸ್ವಲ್ಪ ಕಡಿಮೆಯಾಗಿತ್ತು. ಗಿಡ್ಡ ಹಿಮ್ಮಡಿಯೊಂದು ಪಾದದ ಕೀಲನ್ನು ಮೊದಲೇ ತುಸು ತೆರೆದಿಟ್ಟರೆ ಹೀಗಾಗುವುದು ಸಹಜ. ಮೀನಖಂಡ ಬಿಗಿಯಾಗಿರುವವರಿಗೆ ಎರಡು ಮೂರು ಪದರದ ಹಿಮ್ಮಡಿ ಹಿತವೆನಿಸುವ ಗುಟ್ಟು ಇಲ್ಲೇ ಇದೆ ಎಂದು ನನ್ನ ಅನಿಸಿಕೆ. ಹಿಮ್ಮಡಿಯ ಹಿಂದಿನ ಅಕಿಲಿಸ್ ಸ್ನಾಯುರಜ್ಜು ನೋಯುವವರಿಗೆ ವೈದ್ಯರು ಶೂವಿನೊಳಗೆ ಒಂದು ಸೆಂಟಿಮೀಟರಿನ ಮೆತ್ತೆ ಇಡಿಸುವುದೂ ಇದೇ ಕಾರಣಕ್ಕೆ.

ಹಾಗಾದರೆ ಏಳು, ಎಂಟು ಪದರ ಯಾಕೆ ಬೇಡ? ಇದಕ್ಕೆ ಉತ್ತರ ಚಪ್ಪಲಿಯ ರಚನೆಯಲ್ಲೇ ಇದೆ. ಇಳಿಜಾರಿನ ಮೇಲೆ ನಿಂತ ಭಾರದ ಒಂದು ಪಾಲು ಸದಾ ಕೆಳಕ್ಕೆ ಜಾರಿಸಲು ನೋಡುತ್ತದೆ. ಆ ಪಾಲು ಎಷ್ಟೆಂದು ತಿಳಿಯಲು ಹಿಮ್ಮಡಿಯ ಎತ್ತರವನ್ನು, ಹಿಮ್ಮಡಿಯಿಂದ ಬೆರಳ ಬುಡದ ಅಂತರದಿಂದ ಭಾಗಿಸಿದರೆ ಸಾಕು. ಒಂದು ಸೆಂಟಿಮೀಟರಿಗೆ ಹದಿನೆಂಟರಲ್ಲಿ ಒಂದು ಪಾಲು. ಎರಡೂವರೆಗೆ ಏಳರಲ್ಲಿ ಒಂದು. ಐದಕ್ಕೆ ಕಾಲು ಭಾಗಕ್ಕಿಂತ ಹೆಚ್ಚು. ಕಡಿಮೆ ಕೋನದಲ್ಲಿ ತೊಗಲಿಗೂ ಅಂಗಾಲಿಗೂ ನಡುವಿನ ತಿಕ್ಕಾಟವೇ ಪಾದವನ್ನು ಹಿಡಿದುಕೊಳ್ಳುತ್ತದೆ. ಕೋನ ಏರಿದಾಗ, ಅದರಲ್ಲೂ ಬೇಸಿಗೆಯಲ್ಲಿ ಅಂಗಾಲು ಬೆವೆತಾಗ, ಹಿಡಿಯುವ ಕೆಲಸ ಹೆಬ್ಬೆರಳ ಉಂಗುರಕ್ಕೂ ಮೇಲಿನ ಪಟ್ಟಿಗೂ ಬೀಳುತ್ತದೆ. ಬೂಟಾದರೆ ಇಡೀ ಮೇಲ್ಹೊದಿಕೆ ಪಾದವನ್ನು ತಬ್ಬಿ ಹಿಡಿಯುತ್ತದೆ, ಲೇಸು ಬಿಗಿಯಬಹುದು. ಚಪ್ಪಲಿಯಲ್ಲಿ ಹೆಬ್ಬೆರಳ ಸಂದಿನ ಮೆತ್ತಗಿನ ಚರ್ಮ ಆ ಹೊರೆ ಹೊತ್ತು ಕೆಂಪಾಗುತ್ತದೆ, ಸುಲಿಯುತ್ತದೆ. ಎತ್ತರ ಬೇಕೇಬೇಕು ಎನ್ನುವವರು ಅದನ್ನು ಮುಚ್ಚಿದ ಶೂವಿನಲ್ಲಿ ಪಡೆಯುವುದು ಒಳ್ಳೆಯದು. ಉಂಗುರವಿರುವ ತೆರೆದ ಚಪ್ಪಲಿ ಮೂರು ಸೆಂಟಿಮೀಟರಿನೊಳಗೆ ನಿಲ್ಲಬೇಕು.

ಅಗಲದ ವಿಚಾರದಲ್ಲಿ ಮಾತ್ರ ನಮ್ಮ ಪದರದ ಹಿಮ್ಮಡಿಗೆ ಸಾಟಿಯಿಲ್ಲ. ಹಿಮ್ಮಡಿ ಎತ್ತಿದಾಗ ಪಾದದ ಕೀಲು ಅಲುಗಾಡಲು ಅವಕಾಶ ಹೆಚ್ಚುತ್ತದೆ. ಕೀಲಿನೊಳಗಿನ ಮೂಳೆ ಮುಂದೆ ಅಗಲ, ಹಿಂದೆ ಕಿರಿದು. ಪಾದ ಕೆಳಮುಖವಾದಾಗ ಕಿರಿದಾದ ಭಾಗ ಕೀಲಿನ ಕವೆಯೊಳಗೆ ಬರುವುದರಿಂದ ಬಿಗಿ ಸಡಿಲವಾಗುತ್ತದೆ, ಕಾಲು ಹೊರಳಿ ಉಳುಕುವುದು ಸುಲಭ. ಕೆಳಗಿನ ಹಿಮ್ಮಡಿಯೂ ಸಪೂರವಾಗಿದ್ದರೆ ಅಪಾಯ ಇಮ್ಮಡಿ. ಎಪ್ಪತ್ತು ಕಿಲೋ ತೂಗುವವನ ಇಡೀ ಭಾರ ಒಂದು ಚದರ ಸೆಂಟಿಮೀಟರಿನ ತುದಿಯ ಮೇಲೆ ಬಿದ್ದರೆ ಒತ್ತಡ ಚದರ ಸೆಂಟಿಮೀಟರಿಗೆ ಎಪ್ಪತ್ತು ಕಿಲೋ. ಮೂವತ್ತೈದು ಚದರ ಸೆಂಟಿಮೀಟರಿನ ಅಗಲ ಹಿಮ್ಮಡಿಯ ಮೇಲಾದರೆ ಎರಡೇ ಕಿಲೋ. ಮಳೆ ಬಿದ್ದ ಎರೆಮಣ್ಣಿನಲ್ಲಿ, ಕಬ್ಬಿನ ಗದ್ದೆಯ ಬದುವಿನ ಮೇಲೆ, ಸಂತೆಯ ಕಲ್ಲುಹಾಸಿನ ಸಂದುಗಳಲ್ಲಿ ಈ ಲೆಕ್ಕವೇ ಮನುಷ್ಯನನ್ನು ಬೀಳದಂತೆ ಕಾಯುವುದು.

ಈ ಸೀಮೆಯವರಿಗೆ ಇನ್ನೂ ಒಂದು ಕಾಳಜಿ ಇರಬೇಕು, ಪಾಶ್ಚಾತ್ಯ ಪುಸ್ತಕಗಳು ಅದನ್ನು ಎತ್ತುವುದೇ ಅಪರೂಪ. ನಾವು ಕುಕ್ಕರಗಾಲಲ್ಲಿ ಕೂರುವ ಜನ. ಹೊಲದಲ್ಲಿ ಕಳೆ ಕೀಳುವಾಗ, ತಂಬಾಕಿನ ಎಲೆ ವಿಂಗಡಿಸುವಾಗ, ಶೌಚಕ್ಕೆ, ಕಟ್ಟೆಯ ಹರಟೆಗೆ ಹೀಗೆ ಕೂರುತ್ತೇವೆ. ಹಿಮ್ಮಡಿ ನೆಲಕ್ಕೆ ಊರಿ ಹಾಗೆ ಕೂರಲು ಮೀನಖಂಡ ಚೆನ್ನಾಗಿ ಹಿಗ್ಗಬೇಕು. 2010ರಲ್ಲಿ ಚಾಪೊ, ನರಿಚಿ ಮೊದಲಾದವರು, ಎರಡು ವರ್ಷಕ್ಕಿಂತ ಹೆಚ್ಚು ಕಾಲ ಐದು ಸೆಂಟಿಮೀಟರಿಗೂ ಎತ್ತರದ ಹಿಮ್ಮಡಿ ಹಾಕುತ್ತ ಬಂದ ಮಹಿಳೆಯರ ಮೀನಖಂಡವನ್ನು ಅಲ್ಟ್ರಾಸೌಂಡಿನಿಂದ ನೋಡಿದರು. ಸ್ನಾಯುವಿನ ಎಳೆಗಳು ಸುಮಾರು 13 ಶೇಕಡಾ ಗಿಡ್ಡವಾಗಿದ್ದವು. ಸ್ನಾಯುರಜ್ಜು ದಪ್ಪಗಾಗಿ, ಬಿರುಸಾಗಿತ್ತು. ಅಂಥವರಿಗೆ ಬರಿಗಾಲೇ ನೋವು ಕೊಡುತ್ತದೆ. ದಿನವೂ ಎತ್ತರದ ಹಿಮ್ಮಡಿ ಹಾಕುವ ಗಂಡಸು ಕೆಲವು ವರ್ಷಗಳಲ್ಲಿ ಕುಕ್ಕರಗಾಲನ್ನೇ ಕಳೆದುಕೊಳ್ಳಬಹುದು. 

ಆರಿಸುವ ಬಗೆ ಹೇಳುತ್ತೇನೆ. ಗೋಡೆಯ ಮುಂದೆ ಬರಿಗಾಲಲ್ಲಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಮುಟ್ಟುತ್ತಿರುವಷ್ಟು ಹೊತ್ತು ಪಾದವನ್ನು ಹಿಂದೆ ಹಿಂದೆ ಸರಿಸಿ. ಹೆಬ್ಬೆರಳ ತುದಿಗೂ ಗೋಡೆಗೂ ಹತ್ತು ಸೆಂಟಿಮೀಟರ್ ಆಸುಪಾಸು ಅಂತರ ಬಂದರೆ ಪಾದದ ಕೀಲು ಒಳ್ಳೆಯ ಸ್ಥಿತಿಯಲ್ಲಿದೆ. ನಾಲ್ಕೈದಕ್ಕೇ ನಿಂತರೆ ಮೀನಖಂಡ ಬಿಗಿದಿದೆ ಎಂದು ಅರ್ಥ. ಅಂಥವರಿಗೆ ಒಂದೂವರೆ ಎರಡು ಸೆಂಟಿಮೀಟರಿನ ಹಿಮ್ಮಡಿ ಈಗ ಆರಾಮ ಕೊಡುತ್ತದೆ, ಆದರೆ ಜೊತೆಗೆ ಮೀನಖಂಡ ಎಳೆಯುವ ವ್ಯಾಯಾಮವೂ ಬೇಕು, ಇಲ್ಲವಾದರೆ ಬಿಗಿ ಅಲ್ಲೇ ಉಳಿಯುತ್ತದೆ. ಆಮೇಲೆ ಹಳೆಯ ನೋಟ್‌ಬುಕ್ಕುಗಳನ್ನು ಒಂದರ ಮೇಲೊಂದು ಇಟ್ಟು ಹಿಮ್ಮಡಿಗಳನ್ನಷ್ಟೇ ಅವುಗಳ ಮೇಲೆ ಊರಿ ನಿಲ್ಲಿ. ಒಂದೊಂದನ್ನೇ ಸೇರಿಸುತ್ತ ಹೋಗಿ. ಯಾವ ಎತ್ತರದಲ್ಲಿ ಕಾಲ್ಬೆರಳುಗಳು ತಾವಾಗಿಯೇ ನೆಲ ಕಚ್ಚಿ ಹಿಡಿಯಲು ತೊಡಗುತ್ತವೋ, ಅದಕ್ಕಿಂತ ಒಂದು ಪದರ ಕಡಿಮೆ ನಿಮ್ಮ ದಿನಬಳಕೆಯ ಎತ್ತರ. ಇದನ್ನು ಸಂಜೆ ಮಾಡಬೇಕು. ದಿನವಿಡೀ ಓಡಾಡಿದ ಪಾದ ತುಸು ಊದಿರುತ್ತದೆ, ನಿಜ ಹೇಳುವುದು ಆ ಹೊತ್ತಿನ ಪಾದವೇ.

ಹೊಲ, ಸಂತೆ ಎಂದು ದಿನವಿಡೀ ನಡೆಯುವವನಿಗೆ ಒಂದರಿಂದ ಎರಡು ಸೆಂಟಿಮೀಟರ್. ಕುಳಿತು ಕೆಲಸ ಮಾಡುವವನಿಗೆ ಮೂರರವರೆಗೆ ಏರಬಹುದು. ಮದುವೆಗೆ, ಮೆರವಣಿಗೆಗೆ ಕೆಲವು ತಾಸಿನ ಮಟ್ಟಿಗೆ ಮುಚ್ಚಿದ ಶೂವಿನಲ್ಲಿ ನಾಲ್ಕು, ಹೆಚ್ಚೆಂದರೆ ಐದು. ಅದೂ ಮುಂಗಾಲಿನ ಕೆಳಗೆ ಒಂದು ಸೆಂಟಿಮೀಟರಾದರೂ ದಪ್ಪ ತಳವಿದ್ದು, ಹಿಮ್ಮಡಿ ಅಗಲವಾಗಿದ್ದರೆ. ಇದು ನನ್ನ ತೀರ್ಮಾನ, ಮೇಲಿನ ಅಳತೆಗಳನ್ನೆಲ್ಲ ತೂಗಿ ನೋಡಿ ಬಂದದ್ದು.

ಎರಡು ಬಗೆಯವರು ಮಾತ್ರ ಇದನ್ನು ತಾವಾಗಿಯೇ ತೀರ್ಮಾನಿಸಬಾರದು. ಮೂಳೆ ಮುರಿದೋ ಪೋಲಿಯೋ ಆಗಿಯೋ ಒಂದು ಕಾಲು ಗಿಡ್ಡವಾಗಿರುವವರು ಮೊದಲನೆಯವರು. ಎರಡೂ ಕಾಲಿಗೆ ಬೇರೆ ಬೇರೆ ಎತ್ತರ ಬೇಕಾಗುವ ಅವರಿಗೆ ಪದರ ಕಟ್ಟುವ ಕಸುಬುದಾರರಿಂದ ದೊಡ್ಡ ಉಪಕಾರವಾಗಬಲ್ಲದು, ಆದರೆ ಎಷ್ಟು ಪದರ ಎಂಬುದನ್ನು ಮೂಳೆ ವೈದ್ಯರು ಅಳೆದು ಹೇಳಬೇಕು. ಎರಡನೆಯವರು ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕಳೆದುಕೊಂಡವರು. ಮುಂಗಾಲಿನ ಒತ್ತಡವಾಗಲಿ, ಉಂಗುರದ ತಿಕ್ಕಾಟವಾಗಲಿ ಅವರಿಗೆ ಗೊತ್ತೇ ಆಗುವುದಿಲ್ಲ, ಹುಣ್ಣಾದ ಮೇಲೆಯೇ ಕಾಣುವುದು. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು ಹೀಗೆಯೇ ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳಿಗಾಗಿ ರೂಪಿಸಿದ ಮೆತ್ತನೆಯ ಮೈಕ್ರೋಸೆಲ್ಯುಲಾರ್ (ಎಂಸಿಆರ್) ರಬ್ಬರಿನ, ಹಿಮ್ಮಡಿ ಎತ್ತದ ಚಪ್ಪಲಿಯೇ ಅಂಥ ಕಾಲಿಗೆ ತಕ್ಕದ್ದು.

ಎತ್ತರ ಆರಿಸಿ ಮಾಡಿಸಿಕೊಂಡ ಮೇಲೂ ಅದು ಹಾಗೇ ಉಳಿಯುವುದಿಲ್ಲ. ಜಾಲಿ ತೊಗಟೆ, ಅಳಲೆಕಾಯಿಯ ಕಷಾಯದಲ್ಲಿ ಹದಗೊಂಡ ತೊಗಲು ಬೆವರನ್ನೂ ಬಿಸಿಯನ್ನೂ ಹೀರಿ ನಿಮ್ಮ ಪಾದದ ಅಚ್ಚಿಗೆ ಕೂರುತ್ತದೆ, ಹಿಮ್ಮಡಿಯ ಕೆಳಗೆ ಒಂದೆರಡು ಮಿಲಿಮೀಟರ್ ತಗ್ಗುತ್ತದೆ. ಮಳೆನೀರು ಕುಡಿದರೆ ಪದರಗಳು ಬಿಡುತ್ತವೆ, ಆದ್ದರಿಂದ ಆಷಾಢ ಶ್ರಾವಣದಲ್ಲಿ ಅದನ್ನು ಎತ್ತಿಡುವುದು ಇಲ್ಲಿನ ರೂಢಿ. ಹೆಜ್ಜೆ ಊರುವಾಗ ನೆಲಕ್ಕೆ ಮೊದಲು ತಗಲುವುದು ಹಿಮ್ಮಡಿಯ ಹೊರಬದಿ, ಸವೆಯುವುದೂ ಅದೇ ಮೊದಲು. ಆ ಬದಿ ಅರ್ಧ ಪದರ ತೇಯ್ದಾಗಲೇ ಪಾದ ಹೊರಕ್ಕೆ ವಾಲಲು ಶುರುವಾಗಿ ಮಂಡಿಯ ಒಳಬದಿಗೆ ಹೊರೆ ಏರುತ್ತದೆ. ಚಪ್ಪಲಿಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದರೆ ವಾಲು ಕಣ್ಣಿಗೇ ಕಾಣುತ್ತದೆ. ಕಂಡ ಕೂಡಲೇ ಕೆಳಗಿನ ಒಂದು ಪದರ ಬಿಚ್ಚಿಸಿ ಹೊಸದು ಹಾಕಿಸಬೇಕು, ಬೇಕಿದ್ದರೆ ಅದರಡಿಗೆ ಟೈರಿನ ತುಂಡೊಂದನ್ನು ಹೊಡೆಸಬಹುದು. ಟೈರು ಸೇರಿದಾಗ ಎತ್ತರವೂ ಅಷ್ಟು ಏರುತ್ತದೆ ಎನ್ನುವುದನ್ನು ಲೆಕ್ಕಕ್ಕೆ ಹಿಡಿದು, ತೊಗಲಿನ ಒಂದು ಪದರ ಕಡಿಮೆ ಮಾಡಲು ಹೇಳಿ.